ಕೆಂಚನ ಕುಲ ಯಾವುದು?

ನಮ್ಮ ಮೇಜಿನ ಮೇಲೆ ಈಗ ಎರಡು ಲಸಿಕೆ ಚೀಟಿಗಳಿವೆ. ಎರಡೂ ಒಂದೇ ನಾಯಿಯವು. ಹಳೆಯ ಚೀಟಿಯಲ್ಲಿ ‘ತಳಿ’ ಎಂಬ ಮಾತಿನ ಮುಂದೆ ನಮ್ಮದೇ ಅಕ್ಷರದಲ್ಲಿ ‘ಮುಧೋಳ’ ಎಂದು ಬರೆದಿದೆ. ಹೊಸದರಲ್ಲಿ ಆ ಸ್ಥಳ ಬರಿದಾಗಿದೆ. ಈ ಎರಡು ಚೀಟಿಗಳ ನಡುವೆ ಒಂದು ಮೂಕಪ್ರಾಣಿ ಪಟ್ಟ ಪಾಡಿಗೆ ನಾವೂ ಹೊಣೆಗಾರರು. ಆದುದರಿಂದ ಆ ಕಥೆಯನ್ನು ಈ ತಿಂಗಳು ವಾಚಕರ ಮುಂದೆ ನಿವೇದಿಸಿಕೊಳ್ಳುತ್ತಿದ್ದೇವೆ.

ಕಳೆದ ವರ್ಷದ ಶ್ರಾವಣದಲ್ಲಿ ಜತ್ತಿನಿಂದ ವಿಜಯಪುರಕ್ಕೆ ಹೋಗುವ ರಸ್ತೆಯ ಒಂದು ಮೋರಿಯ ಕೆಳಗೆ ಮರಿಯೊಂದು ಕುಂಯ್‌ಗುಡುತ್ತಿದ್ದುದು ನಮ್ಮ ಕಿವಿಗೆ ಬಿತ್ತು. ಎತ್ತಿ ನೋಡಿದರೆ ಕೆಂಚು ಬಣ್ಣ, ಕಪ್ಪು ಮೂತಿ, ನೀಳವಾದ ಕಾಲು, ಹಿಡಿಯಲ್ಲಿ ಹಿಡಿಸುವಷ್ಟು ಸಣ್ಣ ನಡು; ಒಂದು ಕಿವಿ ಮಡಿಸಿದೆ, ಇನ್ನೊಂದು ಏಳಲೋ ಬೇಡವೋ ಎಂದು ಯೋಚಿಸುತ್ತಿದೆ. ಮನೆಗೆ ತಂದು ಹಾಲು ಕುಡಿಸಿದೆವು. ಬಣ್ಣವನ್ನು ನೋಡಿ ಮಕ್ಕಳು ‘ಕೆಂಚ’ ಎಂದು ಹೆಸರಿಟ್ಟರು.

ಮರಿ ಬಂದ ಸುದ್ದಿ ಹರಡುತ್ತಲೇ ಅಂಗಳದಲ್ಲಿ ಪಂಡಿತಸಭೆ ನೆರೆಯಿತು. ನಿವೃತ್ತ ಶಿಕ್ಷಕರೊಬ್ಬರು ನಡುವನ್ನೂ ಕಾಲುಗಳನ್ನೂ ಪರೀಕ್ಷಿಸಿ, ಸಂಶಯವೇ ಬೇಡ, ಮುಧೋಳದ ರಕ್ತ ಅರ್ಧಕ್ಕಿಂತ ಹೆಚ್ಚಿದೆ ಎಂದರು. ದ್ರಾಕ್ಷಿ ತೋಟದ ತರುಣನೊಬ್ಬ ಕಪ್ಪು ಮೂತಿಯನ್ನು ತೋರಿಸಿ ಅಲ್ಸೇಷಿಯನ್ ಮಿಶ್ರಣ ಎಂದು ವಾದಿಸಿದ. ಮರಾಠಿ ಮಾತನಾಡುವ ನೆರೆಯವರು ‘ಕಾರವಾನಿ’ ಎಂದರು. ಈ ಕೊನೆಯ ಮಾತಿನಿಂದ ಶಿಕ್ಷಕರಿಗೆ ವಿಜಯವೇ ದೊರೆತಂತಾಯಿತು. ಏಕೆಂದರೆ ಕೃಷ್ಣೆಯಾಚೆ ಮುಧೋಳವೆಂದು ಕರೆಯುವ ಬೇಟೆನಾಯಿಯನ್ನೇ ಈಚೆಯ ಮಹಾರಾಷ್ಟ್ರದಲ್ಲಿ ಕಾರವಾನಿ ಎನ್ನುತ್ತಾರೆ. ಗಡಿಯಲ್ಲಿ ಬಾಳುವ ನಮಗೆ ಒಂದೇ ವಸ್ತುವಿಗೆ ಎರಡು ಹೆಸರಿರುವುದು ಹೊಸತಲ್ಲ.

ಕುರಿ ಮೇಯಿಸುವ ಹಿರಿಯರೊಬ್ಬರು ಮಾತ್ರ ಸಭೆಯ ಅಂಚಿನಲ್ಲಿ ನಿಂತು ನಕ್ಕರು. “ಇದು ಜಾತಿ ನಡ ಅಲ್ರೀ, ಹಸದ ನಡ. ಎರಡು ತಿಂಗಳ ಹೊಟ್ಟಿ ತುಂಬ ರೊಟ್ಟಿ ಹಾಕ್ರಿ, ಆಮ್ಯಾಲ ನೋಡ್ರಿ,” ಎಂದರು. ಅವರ ಮಾತನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಶುವೈದ್ಯರು ಬರಿದಾಗಿ ಬಿಟ್ಟಿದ್ದ ಚೀಟಿಯ ಮನೆಯನ್ನು ಅಂದು ಸಂಜೆ ನಾವೇ ತುಂಬಿದೆವು.

ಮುಧೋಳವೆಂದು ಬರೆಯುವುದರಲ್ಲಿ ನಮಗೆ ಒಳಗೊಳಗೇ ಹೆಮ್ಮೆಯಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಘೋರ್ಪಡೆ ಮನೆತನದ ಅರಸರು ಸಾಕಿ ಬೆಳೆಸಿದ ತಳಿ ಅದು. 2005ರಲ್ಲಿ ಭಾರತದ ಅಂಚೆ ಇಲಾಖೆ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳನ್ನು ತಂದಾಗ ಅವುಗಳಲ್ಲಿ ಮುಧೋಳವೂ ಒಂದಾಗಿತ್ತು. ಸೈನ್ಯದವರು ಅದನ್ನು ತರಬೇತಿಗೆ ಆರಿಸಿಕೊಂಡರು. 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ ಅದರ ಹೆಸರನ್ನೆತ್ತಿದ ಮೇಲೆ ಬೇಡಿಕೆ ಮತ್ತಷ್ಟು ಏರಿತು. ಅಂತಹ ನಾಯಿ ನಮ್ಮೂರ ಮೋರಿಯಲ್ಲಿ ದೊರೆತರೆ ಯಾರಿಗೆ ಸಂತೋಷವಾಗದು?

ಆ ಸಂತೋಷವೇ ಮುಳುವಾಯಿತು. ಸುದ್ದಿ ಕೇಳಿದ ತೋಟದ ಗೃಹಸ್ಥರೊಬ್ಬರು ಬಂದು ಮರಿಯನ್ನು ಬೇಡಿದರು. ಇಕ್ಕಟ್ಟಾದ ನಮ್ಮ ಮನೆಗಿಂತ ವಿಶಾಲವಾದ ತೋಟವೇ ಲೇಸೆಂದು ತೋರಿತು. ಚೀಟಿಯೊಡನೆ ಕೆಂಚನನ್ನು ಒಪ್ಪಿಸಿದೆವು. “ಮುಧೋಳವೇ ತಾನೆ?” ಎಂದು ಅವರು ಕೇಳಿದರು. “ಹೌದು,” ಎಂದೆವು.

ಐದು ತಿಂಗಳು ಕಳೆಯಿತು. ಕೆಂಚನಿಗೆ ಹೊಟ್ಟೆ ತುಂಬ ಅನ್ನ ದೊರೆಯಿತು, ನಡು ತುಂಬಿತು. ಎರಡು ಕಿವಿಗಳೂ ನೆಟ್ಟಗೆ ನಿಂತವು. ಬಾಲ ಮೇಲೆದ್ದು ಬೆನ್ನಿನ ಮೇಲೆ ಸುರುಳಿಯಾಯಿತು. ಮುಧೋಳದ ಲಕ್ಷಣವೇ ಬೇರೆ. ಗಂಡು ಸುಮಾರು 70 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ, ತಲೆ ನೀಳವಾಗಿಯೂ ಕಿರಿದಾಗಿಯೂ ಇರುತ್ತದೆ, ಕಿವಿ ಜೋತುಬಿದ್ದಿರುತ್ತದೆ, ಎದೆ ಆಳವಾಗಿದ್ದು ಹೊಟ್ಟೆ ಒಳಸೇರಿರುತ್ತದೆ. ಕೆಂಚನಲ್ಲಿ ಇವುಗಳಲ್ಲಿ ಒಂದೂ ಉಳಿಯಲಿಲ್ಲ. ಒಂದು ದಿನ ಸಂತೆಗೆ ಹೋದ ನಮ್ಮ ಮಗ, ಕಂಬವೊಂದರ ಬಳಿ ತುಂಡಾದ ಹಗ್ಗವನ್ನು ಕೊರಳಲ್ಲಿ ಎಳೆದುಕೊಂಡು ಕುಳಿತಿದ್ದ ನಾಯಿಯನ್ನು ಕಂಡು, “ಕೆಂಚಾ!” ಎಂದು ಕೂಗಿದನಂತೆ. ಅದು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡೇ ತೆವಳಿ ಬಂದಿತು. ಹಗ್ಗ ಚರ್ಮದೊಳಗೆ ಇಳಿದಿತ್ತು. ಆ ಗೃಹಸ್ಥರನ್ನು ಕಂಡಾಗ ಅವರು ನಮ್ಮನ್ನೇ ಪ್ರಶ್ನಿಸಿದರು: “ಜಾತಿ ನಾಯಿ ಎಂದು ಹೇಳಿ ಕಂತ್ರಿ ನಾಯಿ ಕೊಟ್ಟಿರಲ್ಲ?”

ಕಟ್ಟಿಹಾಕಿದ ಕೈ ಅವರದು. ಆದರೆ ಆ ಹಗ್ಗದ ಒಂದು ಎಳೆಯನ್ನು ಹೊಸೆದವರು ನಾವು. ತಿಳಿಯದ ಸಂಗತಿಯನ್ನು ತಿಳಿದಂತೆ ಬರೆದುಕೊಟ್ಟಿದ್ದೆವು.

ಗಾಯ ಮಾಯುವವರೆಗೆ ಈ ವಿಷಯವಾಗಿ ಓದಿ ತಿಳಿದುಕೊಳ್ಳಲು ಯತ್ನಿಸಿದೆವು. ನಾಯಿಯ ರೂಪವನ್ನು ನೋಡಿ ಅದರ ಹಿರಿಯರನ್ನು ಹೇಳುವುದು ಪಂಡಿತರಿಗೂ ಸುಲಭವಲ್ಲವೆಂದು ತಿಳಿದು ನಮ್ಮ ಅಹಂಕಾರ ಸ್ವಲ್ಪ ಇಳಿಯಿತು. ಅಮೆರಿಕೆಯ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಜೋಲುಗಿವಿಯ ಕಾಕರ್ ಸ್ಪೇನಿಯಲ್ ನಾಯಿಯನ್ನು ಆಫ್ರಿಕದ ಬಸೆಂಜಿಯೊಡನೆ ಕೂಡಿಸಿ ಮರಿಗಳನ್ನು ಪಡೆದರು. ಅದರ ವೃತ್ತಾಂತವನ್ನು 1965ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ತಂದೆತಾಯಿಗಳು ಯಾರೆಂಬುದು ಖಚಿತವಾಗಿ ಗೊತ್ತಿದ್ದರೂ ಹಲವು ಮರಿಗಳನ್ನು ನೋಡಿ ಅವರನ್ನು ಊಹಿಸುವುದು ಅಸಾಧ್ಯವಾಗಿತ್ತು. 2009ರಲ್ಲಿ ಅದೇ ದೇಶದಲ್ಲಿ, ಅನಾಥ ನಾಯಿಗಳನ್ನು ಸಾಕಲು ಕೊಡುವ ಕೇಂದ್ರಗಳವರು ತಳಿ ಹೇಳಿದ್ದ 20 ನಾಯಿಗಳನ್ನು ವಂಶಧಾತುವಿನ, ಎಂದರೆ ಡಿಎನ್‌ಎಯ, ಪರೀಕ್ಷೆಗೆ ಒಳಪಡಿಸಿದರು. ಹೆಚ್ಚಿನವುಗಳಲ್ಲಿ ಊಹೆಗೂ ಪರೀಕ್ಷೆಗೂ ತಾಳೆಯಾಗಲಿಲ್ಲ.

ಇದಕ್ಕೆ ಕಾರಣವುಂಟು. ನಾಯಿಯ ಕೂದಲು ಉದ್ದವೋ ಗಿಡ್ಡವೋ, ಗುಂಗುರೋ ನೇರವೋ ಎಂಬುದರ ಬಹುಭಾಗವನ್ನು ಮೂರೇ ಮೂರು ವಂಶವಾಹಿಗಳು ನಿರ್ಣಯಿಸುತ್ತವೆ. ಕಾಲು ಗಿಡ್ಡವಾಗಲು ಒಂದು ಸಾಕು. ಹೀಗೆ ಕಣ್ಣಿಗೆ ಕಾಣುವ ಲಕ್ಷಣಗಳು ವಂಶಧಾತುವಿನ ಒಂದು ಸಣ್ಣ ಚೂರು. ಉಳಿದ ಹಿರಿದಾದ ಪಾಲು ಹೊರಗೆ ಕಾಣುವುದೇ ಇಲ್ಲ. ಕಪ್ಪು ಮೂತಿ ಹತ್ತಾರು ತಳಿಗಳಲ್ಲಿದೆ, ನಮ್ಮ ಬೀದಿಯ ನಾಯಿಗಳಲ್ಲಿಯೂ ಇದೆ.

ಗುಣವನ್ನಾದರೂ ತಳಿಯಿಂದ ತಿಳಿಯಬಹುದೇ? 2022ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಅಧ್ಯಯನದಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ನಡವಳಿಕೆಯನ್ನು ಅವುಗಳ ಒಡೆಯರಿಂದ ಕೇಳಿ ತಿಳಿದರು. ನಾಯಿಗೂ ನಾಯಿಗೂ ಇರುವ ಸ್ವಭಾವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದುದು ನೂರಕ್ಕೆ ಸುಮಾರು 9 ಪಾಲು ಮಾತ್ರ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ ಇನ್ನೊಂದು. ನಾವೆಲ್ಲ ‘ಯಾವ ಯಾವ ತಳಿಗಳ ಬೆರಕೆ?’ ಎಂದೇ ಕೇಳಿದ್ದೆವು. ಆ ಪ್ರಶ್ನೆಯೇ ತಪ್ಪಾಗಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಇಂದಿನ ವಿಲಾಯಿತಿ ತಳಿಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪುಗೊಂಡವು. ಅವುಗಳ ವಂಶಾವಳಿಯನ್ನು ಕಾಯುವ ಲಂಡನ್ನಿನ ಕೆನೆಲ್ ಕ್ಲಬ್ಬು ಹುಟ್ಟಿದ್ದು 1873ರಲ್ಲಿ. ಊರ ನಾಯಿ ಅದಕ್ಕೂ ಎಷ್ಟೋ ಸಾವಿರ ವರ್ಷ ಹಿಂದಿನದು. 2015ರಲ್ಲಿ 38 ದೇಶಗಳ 549 ಊರ ನಾಯಿಗಳ ವಂಶಧಾತುವನ್ನು ಪರಿಶೀಲಿಸಿದವರು, ಕೆಲವು ಪ್ರದೇಶಗಳ ನಾಯಿಗಳು ಯುರೋಪಿನ ನಾಯಿಗಳ ಸಂತತಿಯಾದರೂ, ಉಳಿದ ಅನೇಕ ಕಡೆಗಳವು ಆಯಾ ನೆಲದ ಪ್ರಾಚೀನ ಸಂತತಿಯೇ ಎಂದು ಕಂಡರು. ನೆಟ್ಟ ಕಿವಿ, ಸುರುಳಿ ಬಾಲ, ಕೆಂಚು ಮೈ ನಮ್ಮ ನಾಡಿನ ಊರ ನಾಯಿಯ ಹಳೆಯ ರೂಪ. ಅದರಲ್ಲಿ ಅಲ್ಸೇಷಿಯನ್ನನ್ನು ಹುಡುಕುವುದು ಅಜ್ಜನ ಮುಖದಲ್ಲಿ ಮೊಮ್ಮಗನ ಹೋಲಿಕೆಯನ್ನು ಹುಡುಕಿ, ಅಜ್ಜನೇ ಅವನಿಂದ ಹುಟ್ಟಿದನೆಂದಂತೆ.

‘ಕಂತ್ರಿ’ ಎಂಬ ಬೈಗುಳವನ್ನಾದರೂ ನೋಡಿ. ಇಂಗ್ಲಿಷಿನ ‘ಕಂಟ್ರಿ’ ನಮ್ಮ ಬಾಯಲ್ಲಿ ಹೀಗಾಯಿತು. ನಾಡಿನದು ಎಂದಷ್ಟೇ ಅದರ ಅರ್ಥ. ಮರಾಠಿಯ ‘ಗಾವಠಿ’ಯ ಅರ್ಥವೂ ಊರಿನದು ಎಂದೇ. ಎರಡು ಭಾಷೆಯವರೂ ಸೇರಿ ನಮ್ಮದೆಂಬ ಮಾತನ್ನೇ ಹಳಿಯುವ ಮಾತಾಗಿ ಮಾಡಿಕೊಂಡಿದ್ದೇವೆ.

ಪುಣೆಯಲ್ಲಿರುವ ಬಂಧುಗಳು, ಕೆನ್ನೆಯ ಒಳಗಿನ ಜೊಲ್ಲನ್ನು ಹತ್ತಿಯಲ್ಲಿ ಒರೆಸಿ ಕಳುಹಿದರೆ ವಂಶಧಾತುವಿನ ಪರೀಕ್ಷೆ ಮಾಡಿಸಿಕೊಡುವೆವೆಂದರು. ನಾವು ಬೇಡವೆಂದೆವು. ಹೋಲಿಸಿ ನೋಡಲು ಇಟ್ಟುಕೊಂಡ ಮಾದರಿಗಳಲ್ಲಿ ಇದರ ಬಳಗವೇ ಇಲ್ಲದಿದ್ದರೆ ಪರೀಕ್ಷೆಯೂ ಹತ್ತಿರದ ಯಾವುದೋ ಹೆಸರನ್ನು ಹೇಳಬೇಕಾದೀತು. ಆ ಹಣದಲ್ಲಿ ಕೆಂಚನಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಿದೆವು.

ವಾಚಕ ಬಂಧುಗಳಲ್ಲಿ ಯಾರಿಗಾದರೂ ಹೀಗೆ ಮರಿಯೊಂದು ದೊರೆತರೆ ನಮ್ಮ ಅನುಭವದ ಎರಡು ಮಾತು. ವಯಸ್ಸನ್ನು ಹಲ್ಲಿನಿಂದ ತಿಳಿಯಿರಿ. ಹಾಲುಹಲ್ಲು ನಾಲ್ಕನೆಯ ತಿಂಗಳಿನ ಸುಮಾರಿಗೆ ಬೀಳತೊಡಗಿ ಏಳನೆಯ ತಿಂಗಳೊಳಗೆ ಹೊಸ ಹಲ್ಲುಗಳು ಪೂರ್ಣವಾಗುತ್ತವೆ. ಜಂತುವಿನ ಔಷಧವನ್ನೂ, ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ತಪ್ಪದೆ ಕೊಡಿಸಿರಿ. ಮರಿಯನ್ನು ಇನ್ನೊಬ್ಬರಿಗೆ ಒಪ್ಪಿಸುವಾಗ ತಳಿಯನ್ನು ಹೇಳಬೇಡಿರಿ. ಅದು ಯಾವುದಕ್ಕೆ ಹೆದರುತ್ತದೆ, ಯಾರೊಡನೆ ಆಡುತ್ತದೆ, ಎಷ್ಟು ಓಡುತ್ತದೆ ಎಂಬುದನ್ನು ಹೇಳಿರಿ. ತಳಿಯ ಹೆಸರಿಗಾಗಿ ಕೊಂಡೊಯ್ದವರು ಆ ಹೆಸರು ಹೋದ ದಿನ ನಾಯಿಯನ್ನೂ ಬಿಡುತ್ತಾರೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಹತ್ತನೆಯ ಶತಮಾನದ ನಡುವಿನ ಕನ್ನಡ ಶಾಸನವೊಂದುಂಟು. ಗಂಗರ ಬೂತುಗನು ತನ್ನ ವೀರ ಮಣಲೆರನಿಗೆ ಮೆಚ್ಚಿ ಕೊಟ್ಟ ಬೇಟೆನಾಯಿ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿದರು, ಭೂಮಿಯನ್ನು ಬಿಟ್ಟರು. ಸಾವಿರ ವರ್ಷ ಕಳೆದರೂ ಆ ನಾಯಿಯ ಹೆಸರು ನಮಗೆ ಗೊತ್ತು: ಕಾಳಿ. ಆಕೆ ಮಾಡಿದ ಕೆಲಸವೂ ಗೊತ್ತು.

ಇದನ್ನು ಬರೆಯುತ್ತಿರುವಾಗ ಕೆಂಚ ನಮ್ಮ ಕುರ್ಚಿಯ ಕೆಳಗೆ ಮಲಗಿದ್ದಾನೆ. ಕೊರಳ ಗಾಯದ ಮೇಲೆ ಕೂದಲು ಬೆಳೆದಿದೆ. ಯಾರಾದರೂ ಹಗ್ಗ ಹಿಡಿದು ಬಂದರೆ ಮಾತ್ರ ಇನ್ನೂ ಮಂಚದಡಿಗೆ ಓಡುತ್ತಾನೆ. ನಾಳೆ ಲಸಿಕೆಯ ದಿನ. ಹೊಸ ಚೀಟಿಯ ಬರಿದಾದ ಮನೆಯಲ್ಲಿ ಏನು ಬರೆಯಲಿ ಎಂದು ಪಶುವೈದ್ಯರು ಕೇಳಿದರೆ ‘ಊರಿನದು’ ಎಂದು ಬರೆಯಿಸುತ್ತೇವೆ.