ತಲೆ ಸಡಿಲವಾದರೆ ಬಿಸಾಡಬೇಕೆ?

ತಣಿಸಂದ್ರದ ನನ್ನ ಮನೆಯಲ್ಲಿ ಸೆಕೆಂಡ್‌ಹ್ಯಾಂಡ್ ಗಾಲ್ಫ್ ಕೋಲೊಂದಿದೆ. ಕಳೆದ ತಿಂಗಳು ಅದರ ತಲೆ ಅಲುಗಾಡತೊಡಗಿತು. ಅಂಗಡಿಯವರು ಮುಟ್ಟಿಯೂ ನೋಡದೆ, "ಹೊಸದು ತಗೊಳ್ಳಿ ಸಾರ್, ಇದನ್ನೆಲ್ಲ ಯಾರು ರಿಪೇರಿ ಮಾಡ್ತಾರೆ?" ಅಂದರು.

ನನ್ನ ತಕರಾರು ಈ ಮಾತಿನ ಮೇಲೆ. ಕೋಲು ಮುರಿದಿರಲಿಲ್ಲ; ಒಳಗಿನ ಎಪಾಕ್ಸಿ ಅಂಟು ಬಿಟ್ಟಿತ್ತು. ಹಾಗೇ ಬೀಸಿದರೆ ತಲೆ ಹಾರಿ ಯಾರಿಗಾದರೂ ಬಡಿದೀತು, ನಿಜ. ಆದರೆ ಮದ್ದು ಸುಲಭ. ಉಕ್ಕಿನ ದಂಡವಾದ್ದರಿಂದ ಕತ್ತನ್ನು ಹದವಾಗಿ ಬಿಸಿಮಾಡಿ ತಲೆ ಕಳಚಿದೆ. ಹಳೆಯ ಅಂಟು ಕೆರೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ, ಹೊಸ ಎಪಾಕ್ಸಿ ಕಲಸಿ ಹಚ್ಚಿ, 24 ಗಂಟೆ ಮುಟ್ಟದೆ ಬಿಟ್ಟೆ. ಈಗ ಕದಲುವುದಿಲ್ಲ.

ತಣಿಸಂದ್ರ ಹಳ್ಳಿಯಾಗಿದ್ದ ಕಾಲಕ್ಕೆ ಇದೇನು ದೊಡ್ಡ ವಿದ್ಯೆಯಲ್ಲ. ಗುದ್ದಲಿ ಸಡಿಲವಾದರೆ ಕಾವಿಗೆ ಬೆಣೆ ಹೊಡೆದು, ಮರ ಉಬ್ಬಲೆಂದು ನೀರಲ್ಲಿ ನೆನೆಹಾಕುತ್ತಿದ್ದರು. ಅದಕ್ಕಾಗಿ ಗುದ್ದಲಿ ಬಿಸಾಡಿದ ರೈತನನ್ನು ನಾನು ಕಂಡಿಲ್ಲ.

2022ರಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆಂದು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನಗಳು ಅದರ ಪಟ್ಟಿಯಲ್ಲಿದ್ದವು. ಒಳ್ಳೆಯದೇ. ಆದರೆ ರಿಪೇರಿಯ ಮನಸ್ಸೇ ಇಲ್ಲದವರಿಗೆ ಹಕ್ಕು ಕೊಟ್ಟು ಏನು ಫಲ?

ಸಾಹಿತ್ಯದ ಗೆಳೆಯರೇ, ಕನ್ನಡದ ಪದಗಳು ಸಾಯುತ್ತಿವೆ ಎಂದು ನಾವು ವೇದಿಕೆಗಳಲ್ಲಿ ಗೋಳಾಡುತ್ತೇವೆ. ಕಾವು, ಬೆಣೆ, ಬೆಸುಗೆ, ಕುಲುಮೆ ಇವೆಲ್ಲ ಕೈಯಲ್ಲಿ ಬದುಕಿದ ಪದಗಳು. ಕೆಲಸ ಬಿಟ್ಟು ಪದ ಮಾತ್ರ ಉಳಿಯಲಿ ಎನ್ನುವುದು ಆಷಾಢಭೂತಿತನ. ನಾನೂ ಆ ಗುಂಪಿನವನೇ: ಈ ಕೋಲಿಗೆ ಮುಂಚೆ ಒಂದು ಮಿಕ್ಸಿ, ಎರಡು ಛತ್ರಿ, ಒಂದು ಕುರ್ಚಿ ಬಿಸಾಡಿದ್ದೇನೆ. ಒಂದನ್ನೂ ಬಿಚ್ಚಿ ನೋಡಿರಲಿಲ್ಲ.

ನೀವಾದರೂ ಬಿಸಾಡುವ ಮೊದಲು ಒಮ್ಮೆ ಬಿಚ್ಚಿ ನೋಡಿ.