ಲಕೋಟೆಯ ಮೇಲಿನ ಬರಹ

ಅಂಚೆಯ ಲಕೋಟೆಯನ್ನು ಎಷ್ಟೇ ಭದ್ರವಾಗಿ ಅಂಟಿಸಿದರೂ ಅದರ ಹೊರಮೈ ಸುಮ್ಮನಿರುವುದಿಲ್ಲ. ಅದು ಯಾರಿಗೆ ಹೋಗುತ್ತಿದೆ, ಯಾವ ಊರಿನಿಂದ ಎಂದು ಹೊರಟಿತು ಎಂಬುದನ್ನು ವಿಳಾಸವೂ ಅಂಚೆಯ ಮುದ್ರೆಯೂ ಸಾರುತ್ತಿರುತ್ತವೆ. ಮೊಬೈಲ್ ಸಂದೇಶಕ್ಕೂ ಇಂಥದೊಂದು ಹೊರಮೈ ಉಂಟು. ಅದರ ಹೆಸರು ಮೆಟಾಡೇಟಾ. ವಾಟ್ಸ್‌ಆಪ್ 2016ರಲ್ಲಿ ಸಂದೇಶಗಳ ಒಳಗಿನ ಮಾತನ್ನು ಗೂಢಲಿಪಿಯಲ್ಲಿ ಅಡಗಿಸಿತು. ಜನ ಅಷ್ಟಕ್ಕೇ ನಿಶ್ಚಿಂತರಾದರು. ಆದರೆ ಗೂಢಲಿಪಿ ಕಾಯುವುದು ಪತ್ರವನ್ನು, ಲಕೋಟೆಯನ್ನಲ್ಲ.

ಗುಬ್ಬಿಯ ತೆಂಗಿನ ಬೆಳೆಗಾರನೊಬ್ಬನನ್ನು ಊಹಿಸಿಕೊಳ್ಳಬಹುದು. ಒಂದು ರಾತ್ರಿ ಆತ ತುಮಕೂರಿನ ಹೃದ್ರೋಗ ತಜ್ಞರಿಗೆ ಮೂರು ಸಲ ಸಂದೇಶ ಕಳುಹಿಸುತ್ತಾನೆ. ಬೆಳಗಾಗುವ ಮುನ್ನ ಕುಣಿಗಲ್ಲಿನಲ್ಲಿರುವ ಮಗಳಿಗೆ. ಮಧ್ಯಾಹ್ನ ಸಾಲ ಕೊಡುವವರಿಗೆ. ಒಂದಕ್ಷರವನ್ನೂ ಓದದೆ ಆ ಮನೆಯ ಸಂಕಟವನ್ನು ಅರಿಯಬಹುದು. ಅರಿತವನು ಔಷಧ ಮಾರುವವನಾಗಿರಬಹುದು, ಬಡ್ಡಿಯವನಾಗಿರಬಹುದು, ಮೋಸಗಾರನೂ ಆಗಿರಬಹುದು.

ವಿಳಾಸವಿಲ್ಲದೆ ಪತ್ರ ತಲುಪೀತೇ ಎಂದು ಕೇಳುವವರುಂಟು. ತಲುಪದು, ನಿಜ. ಆದರೆ ಅಂಚೆಯವನು ವಿಳಾಸ ಓದುವುದು ಬೇರೆ, ಊರಿನ ಲಕೋಟೆಗಳನ್ನೆಲ್ಲ ದಫ್ತರಿನಲ್ಲಿ ಬರೆದಿಟ್ಟುಕೊಳ್ಳುವುದು ಬೇರೆ. 2016ರಲ್ಲಿ ಅಮೆರಿಕದ ತನಿಖೆಯೊಂದರಲ್ಲಿ ‘ಸಿಗ್ನಲ್’ ಸೇವೆಯವರಿಂದ ಬಳಕೆದಾರರ ವಿವರಗಳನ್ನು ಕೇಳಲಾಯಿತು. ಖಾತೆ ತೆರೆದ ಸಮಯ, ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ, ಇವಿಷ್ಟರ ಹೊರತು ಕೊಡಲು ಅವರಲ್ಲಿ ಏನೂ ಇರಲಿಲ್ಲ. ಕೂಡಿಡದೆಯೂ ಸಂದೇಶ ತಲುಪಿಸಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಪರಾಧಿಗಳನ್ನು ಹಿಡಿಯಲು ಈ ವಿವರ ಪೊಲೀಸರಿಗೆ ಬೇಕೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಶಂಕಿತನ ವಿವರವನ್ನು ಕಾನೂನಿನ ಆಜ್ಞೆಯಿಂದ ಪಡೆಯಲಿ. ಅದಕ್ಕಾಗಿ, ಮುಂದೆಂದಾದರೂ ಬೇಕಾದೀತೆಂದು, ನಿರಪರಾಧಿಗಳೆಲ್ಲರ ಜಾಡನ್ನೂ ಕಾಪಿಡುವುದು ನ್ಯಾಯವಲ್ಲ.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಅರ್ಜಿ ಸಲ್ಲಿಸಿದಾಗ ಅವರ ವಯಸ್ಸು ಎಂಬತ್ತೈದನ್ನು ದಾಟಿತ್ತು. ಅವರು ಗಳಿಸಿಕೊಟ್ಟ ಹಕ್ಕು ಲಕೋಟೆಯ ಹೊರಮೈಗೂ ಸಲ್ಲಬೇಕು. ಸಂದೇಶ ತಲುಪಿದ ಮೇಲೆ ಅದರ ಜಾಡನ್ನು ಅಳಿಸುವ ಹೊಣೆ ಸೇವೆ ನಡೆಸುವವರದಾಗಬೇಕು.

ಬಳಸುವವರಿಗೂ ಸ್ವಲ್ಪ ಹೊಣೆಯಿದೆ. ಹೊಸ ಆಪ್ ಒಂದು ಫೋನಿನಲ್ಲಿರುವ ಹೆಸರು, ಸಂಖ್ಯೆಗಳ ಪಟ್ಟಿಯನ್ನೆಲ್ಲ ಕೇಳುತ್ತದೆ. ಕ್ಷಣವೂ ಯೋಚಿಸದೆ ಒಪ್ಪಿಗೆ ಒತ್ತಲಾಗುತ್ತದೆ. ಆ ಪಟ್ಟಿಯಲ್ಲಿ ನೂರಾರು ಮಂದಿ ಇರುತ್ತಾರೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ.