ಹಿಂಜರಿಕೆ ತಪ್ಪಲ್ಲ, ವಿಚಾರಿಸದಿರುವುದು ತಪ್ಪು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಮಲೆನಾಡಿಗೆ ಲಸಿಕೆಯ ಸಿಹಿಕಹಿಗಳೆರಡನ್ನೂ ಉಣಿಸಿದೆ. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬಳಿಕ ಮತ್ತೆ ಮತ್ತೆ ವರ್ಧಕ. ಚುಚ್ಚಿದೆಡೆ ವಿಪರೀತ ನೋವು. 2005ರಿಂದ 2010ರವರೆಗಿನ ಅಧ್ಯಯನವೊಂದರಲ್ಲಿ ಎರಡು ಡೋಸುಗಳಿಂದ ಕಂಡ ರಕ್ಷಣೆ ಶೇ. 62ರಷ್ಟು, ವರ್ಧಕ ಸೇರಿದಾಗ ಶೇ. 83ರಷ್ಟು.

ಇಂಥ ಅನುಭವವುಳ್ಳವರು 2021ರಲ್ಲಿ ಕೊರೋನಾ ಲಸಿಕೆಗೆ ಹಿಂದುಮುಂದು ನೋಡಿದ್ದರೆ ಅದನ್ನು ಅಜ್ಞಾನವೆಂದು ಜರೆಯಲಾಗದು. ಆದರೆ ಒಂದು ಲಸಿಕೆಯ ಲೆಕ್ಕ ಇನ್ನೊಂದಕ್ಕೆ ಸಲ್ಲದು. ಕೊರೋನಾ ಲಸಿಕೆ ಸೋಂಕನ್ನು ಪೂರ್ತಿ ತಡೆಯಲಿಲ್ಲ. ಕೋವಿಶೀಲ್ಡ್ ಪಡೆದವರಲ್ಲಿ ತೀರ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಿದ್ದೂ ಉಂಟು. ಆದರೂ ತೀವ್ರ ಕಾಯಿಲೆಯನ್ನೂ ಸಾವನ್ನೂ, ಅದರಲ್ಲೂ ವೃದ್ಧರಲ್ಲಿ, ಅದು ಬಹುವಾಗಿ ತಗ್ಗಿಸಿತು. ಆಸ್ಪತ್ರೆ ದೂರವಿರುವ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ.

ಮಂಗನ ಕಾಯಿಲೆಯ ಹಳೆಯ ಲಸಿಕೆ ಸಾಮರ್ಥ್ಯ ಕುಂದಿ 2022ರಲ್ಲಿ ನಿಂತುಹೋಯಿತು. ನಾಳೆ ಹೊಸದು ಬಂದಾಗಲೂ ಕೇಳಬೇಕಾದ ಪ್ರಶ್ನೆಗಳು ಮೂರೇ: ಕಾಯಿಲೆಯ ಅಪಾಯವೆಷ್ಟು? ಲಸಿಕೆಯ ಅಪಾಯವೆಷ್ಟು? ರಕ್ಷಣೆ ಎಷ್ಟು ಕಾಲ? ಮುಚ್ಚುಮರೆಯಿಲ್ಲದೆ ಉತ್ತರಿಸುವುದು ಆರೋಗ್ಯ ಇಲಾಖೆಯ ಹೊಣೆ. ಕೇಳಿ, ತೂಗಿ, ನಿರ್ಧರಿಸುವುದು ಊರಿನವರ ಹೊಣೆ.